ವಿಶೇಷವಿಲ್ಲ ಎಂದು ಬರೆದ ದಿನಗಳು

ಗದಗ, 2231ನೇ ಇಸವಿಯ ಹದಿಮೂರನೆಯ ತಿಂಗಳು, ತಾರೀಖು ಮೂವತ್ನಾಲ್ಕು.

ಇನ್ನೂರು ವರ್ಷ ಹಿಂದಿನ ಹಿರಿಯರಿಗೆ ಚನ್ನವೀರನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಕ್ಯಾಲೆಂಡರನ್ನು ನಾವು ಎಳೆದು ಉದ್ದ ಮಾಡಿಕೊಂಡಿದ್ದೇವೆ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲು. ಒಬ್ಬರಿಗೆ ಜನ್ಮಕ್ಕೆ ಒಂದೇ. ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ನೀವು ಕಾರು ಎನ್ನುವುದನ್ನು ನಾವು ತಂತಾನೆ ಎನ್ನುತ್ತೇವೆ. ಓಡಿಸುವವರು ಇರುವುದಿಲ್ಲ, ಹಾಗಾಗಿ ಗುದ್ದಿದರೆ ಬೈಯುವುದಕ್ಕೂ ಯಾರೂ ಸಿಗುವುದಿಲ್ಲ. ಎರಡು ವರ್ಷದ ಹಿಂದೆ ನನ್ನ ಹೆಂಡತಿ ದಾನಮ್ಮ ಕೂತಿದ್ದ ತಂತಾನೆಗೆ ಇನ್ನೊಂದು ಬಂದು ಗುದ್ದಿತು. ಮೈಗೆ ತರಚಿದ ಗಾಯ ಅಷ್ಟೆ. ಮನಸ್ಸಿಗೆ ಆದದ್ದನ್ನು ನಾನಿನ್ನೂ ಸಾಬೀತು ಮಾಡುತ್ತಲೇ ಇದ್ದೇನೆ. ಸಾಕಾಗಿ ಹೋಗಿದೆ.

ಅವಳಿಗೆ ಮೊದಲೂ ಕಾಯಿಲೆಯಿತ್ತು, ಮುಚ್ಚಿಡುವುದೇನು. ಮನೆ ಬಿಡುವಾಗ ಬೀಗ ಎಳೆದು ನೋಡುವಳು, ಓಣಿಯ ತುದಿಯಿಂದ ವಾಪಸ್ಸು ಬಂದು ಮತ್ತೆ ಎಳೆಯುವಳು, ಒಮ್ಮೊಮ್ಮೆ ಹತ್ತು ಸಲ. ಆದರೂ ಹೋಗುತ್ತಿದ್ದಳು: ಸಂತೆಗೆ, ತಂಗಿಯ ಮನೆಗೆ, ಶಾಲೆಯಲ್ಲಿ ಹಾಡು ಕಲಿಸಲು. ಈಗ ಬೀಗ ಮುಟ್ಟುವುದೇ ಇಲ್ಲ. "ನಾ ಎಲ್ಲೂ ಹೋಗಾಕಿ ಅಲ್ಲ, ಬೀಗ ಯಾಕ ಬೇಕ್ರೀ?" ಎಂದು ಕಿಟಕಿಗೆ ಬೆನ್ನು ಹಾಕಿ ಕೂರುತ್ತಾಳೆ.

ಹಳೆಯ ಕಾಯಿಲೆ ಎಷ್ಟು, ಅಪಘಾತ ಕೂಡಿಸಿದ್ದೆಷ್ಟು ಎಂದು ತೀರ್ಮಾನಿಸಲು ನಮ್ಮಲ್ಲಿ ತೂಕಪೀಠ ಎಂಬ ನ್ಯಾಯಪೀಠವಿದೆ. ಅಪಘಾತದಿಂದ ಹೆಚ್ಚಾಯಿತು ಎಂದು ಅವರು ಒಪ್ಪಿದರೆ, ಅವಳನ್ನು ಮೆಲ್ಲಗೆ ಹೊರಗೆ ಕರೆತರುವ ಚಿಕಿತ್ಸಕಿಯೊಬ್ಬರು ದಿನಾ ಮನೆಗೆ ಬರುತ್ತಾರೆ. ಇಲ್ಲವಾದರೆ ನಾನು, ಅವಳು, ಆ ಕಿಟಕಿ. ಪೀಠ ನೋಡುವುದು ಮನಕಡತವನ್ನು ಮಾತ್ರ, ಅಂದರೆ ಇಂಥ ಕಾಯಿಲೆಯವರ ಬಗ್ಗೆ ಮನೆಯವರು ಮೊದಲಿನಿಂದಲೂ ದಿನವೂ ಬರೆಯಬೇಕಾದ ದಿನಚರಿ. ನಾನು ಸೋಮಾರಿ. ಅಪಘಾತಕ್ಕೆ ಮೊದಲು ಅವಳು ಬೀಗ ಹಿಡಿದು ಅತ್ತ ದಿನ ಪುಟಗಟ್ಟಲೆ ಬರೆದೆ. ಹಾಡುತ್ತಾ ರೊಟ್ಟಿ ಬಡಿದ ದಿನ 'ವಿಶೇಷವಿಲ್ಲ' ಎಂದು ಗೀಚಿದೆ. ಅಪಘಾತದ ನಂತರ ಅವಳು ತುಟಿ ಬಿಚ್ಚದ ದಿನಗಳಿಗೂ ಅದನ್ನೇ ಗೀಚಿದೆ. ಪೀಠದ ಹಿರಿಯರು ಪುಟ ಮಗುಚಿ, "ಮೊದಲ ಹೆಂಗಿದ್ರೋ ಈಗೂ ಹಂಗ ಅದಾರ. ಬೀಗದ ಕಾಟ ಅಂತೂ ಹೋಗೇತಿ. ಸುಧಾರಿಸ್ಯಾರ ಅಲ್ರೀ?" ಎಂದರು.

ನಾಳೆ ಕೊನೆಯ ವಿಚಾರಣೆ. ಇವತ್ತು ಬೆಳಿಗ್ಗೆ ದಾನಮ್ಮ ತಾನಾಗಿ ಎದ್ದು, ಚಪ್ಪಲಿ ಮೆಟ್ಟಿ, ಹೊರಗೆ ಹೋಗಿ ಬಾಗಿಲಿಗೆ ಬೀಗ ಹಾಕಿದಳು. ಒಳಗೆ ನಾನಿದ್ದದ್ದು ಅವಳಿಗೆ ನೆನಪೇ ಇರಲಿಲ್ಲ. ಮೂರು ಸಲ ಎಳೆದ ಸದ್ದು ಕೇಳಿಸಿತು. ಆಮೇಲೆ ಬೀಗ ತೆಗೆದು ವಾಪಸ್ಸು ಬಂದು ಕೂತಳು. ಎರಡು ವರ್ಷದ ಮೇಲೆ ಹೊಸ್ತಿಲು ದಾಟಿದ್ದಳು. ನಾನು ಸಂತೋಷಕ್ಕೆ ಅತ್ತೆ. ಇದನ್ನು ಬರೆದರೆ 'ಹಳೆಯ ಕಾಯಿಲೆಯೇ' ಎನ್ನಲು ಪೀಠಕ್ಕೆ ಅಷ್ಟೇ ಸಾಕು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ಅವರು ನಕ್ಕ ದಿನವನ್ನೂ ಬರೆದಿಡಿ: ಎಲ್ಲಿಗೆ ಹೋದರು, ಏನು ತಿಂದರು, ಯಾವ ಹಾಡು ಹಾಡಿದರು. ಇದ್ದದ್ದನ್ನು ಬರೆಯದೆ ಕಳೆದದ್ದನ್ನು ತೋರಿಸುವುದು ಹೇಗೆ?

ಈ ಕಾಗದ ಮುಗಿಸಿ ಮನಕಡತ ತೆಗೆಯುತ್ತೇನೆ. ಬೀಗವನ್ನು ಮೂರು ಸಲ ಎಳೆದಳು ಎಂದೇ ಬರೆಯುತ್ತೇನೆ. ನಾಳೆ ಸೋತರೂ ಸರಿ, ಇವತ್ತಿನ ದಿನಕ್ಕೆ 'ವಿಶೇಷವಿಲ್ಲ' ಎಂದು ಬರೆಯಲು ನನಗೆ ಕೈ ಏಳುವುದಿಲ್ಲ.