ಸ್ಟೀರಿಂಗ್ ಎಳೆದವಳು

ಲಿವೋನಿಯಾ,
29 ಅಕ್ಟೋಬರ್ 1974

ಛಾಯಾ,

ನಿನಗೆ ಪತ್ರ ಬರೆಯಕೂಡದೆಂದು ನನ್ನ ವಕೀಲರು ಹೇಳಿದ್ದಾರೆ. ಆದರೂ ಬರೆಯುತ್ತಿದ್ದೇನೆ, ಅದೂ ಎಡಗೈಯಲ್ಲಿ. ಅಕ್ಷರ ಗುರುತು ಸಿಗದಿದ್ದರೆ ನಿಧಾನವಾಗಿ ಓದು.

ಕಳೆದ ವಾರ ನಿನ್ನ ಮೇಲೆ ಕೇಸು ಹಾಕಿದೆ. ಗ್ಲೆಂಡೇಲ್ ಹೈಟ್ಸ್‌ನ ನಿಮ್ಮ ಮನೆಗೆ ನೋಟಿಸು ಬರುವ ಮೊದಲು ಅದು ನನ್ನಿಂದಲೇ ನಿನಗೆ ತಿಳಿಯಲಿ.

ಎರಡು ವರ್ಷದ ಹಿಂದೆ, ದೀಪಾವಳಿಯ ಊಟ ಮುಗಿಸಿ ನಿನ್ನ ಕಾರಿನಲ್ಲಿ ಬರುತ್ತಿದ್ದೆವು. ಓಡಿಸುತ್ತಿದ್ದವಳು ನೀನು, ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿದ್ದ ನಿಮ್ಮ ಯಜಮಾನರು ಕೇಶವ್ ಅವರ ಜೊತೆ ವಾದ ಮಾಡುತ್ತ ನೀನು ಪೂರ್ತಿ ಹಿಂದಕ್ಕೆ ತಿರುಗಿದೆ. "ಮುಂದೆ ನೋಡೇ!" ಎಂದು ನಾನು ಕೂಗಿದೆ. ಅಷ್ಟರಲ್ಲಿ ಸಿಗ್ನಲ್ ಬಳಿ ನಿಂತಿದ್ದ ಟ್ರಕ್ಕಿಗೆ ಕಾರಿನ ನನ್ನ ಬದಿ ಗುದ್ದಿತು. ಬಲಗೈ ನಜ್ಜುಗುಜ್ಜಾಯಿತು.

ಆಸ್ಪತ್ರೆಯಲ್ಲಿ ನೀನು ನನಗೆ ತಲೆ ಬಾಚಿದೆ, ತುತ್ತು ಮಾಡಿ ತಿನ್ನಿಸಿದೆ. ಮೈಸೂರಿನ ಹಾಸ್ಟೆಲಿನಲ್ಲಿ ನನಗೆ ಟೈಫಾಯ್ಡ್ ಬಂದಾಗಲೂ ಹಾಗೇ ನೋಡಿಕೊಂಡಿದ್ದೆ. "ಕೇಶವ್‌ಗೆ ಸಿಟಿಜನ್‌ಶಿಪ್ ಸಿಗೋವರ್ಗೂ ಲಾಯರ್ ಗೀಯರ್ ಅನ್ಬೇಡ ಕಣೇ. ಆಮೇಲೆ ನಾನೇ ನಿನ್ನ ಜೊತೆ ಬರ್ತೀನಿ" ಎಂದೆ. ನಾನು ನಂಬಿದೆ. ವಕೀಲರನ್ನು ನೋಡೋಣ ಎಂದ ನಮ್ಮವರ ಮೇಲೆಯೇ ರೇಗಿದೆ. ಆಮೇಲೆ ಫೋನ್ ಮಾಡಿದಾಗಲೆಲ್ಲ ನಿನ್ನದು ಒಂದೇ ಮಾತು, "ಇನ್ನೊಂದು ಸ್ವಲ್ಪ ದಿನ ತಡ್ಕೊಳೇ."

ಈ ಬೇಸಿಗೆಯಲ್ಲಿ ಎರಡನೇ ಆಪರೇಷನ್ ಆಯಿತು. ಬೆರಳುಗಳನ್ನು ಇನ್ನು ಮಡಿಸಲು ಬರುವುದಿಲ್ಲವೆಂದರು ಡಾಕ್ಟರು. ಲ್ಯಾಬಿನಲ್ಲಿ ಗಾಜಿನ ನಳಿಕೆ ಹಿಡಿಯಲಾಗದವಳನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಕೆಲಸ ಹೋಯಿತು. ಆಗ ವಕೀಲರ ಬಳಿ ಹೋದೆ. ಅಪಘಾತ ನಡೆದದ್ದು ನಿಮ್ಮ ಇಲಿನಾಯ್ ರಾಜ್ಯದಲ್ಲಿ, ಅಲ್ಲಿ ಎರಡು ವರ್ಷದೊಳಗೆ ಕೇಸು ಹಾಕದಿದ್ದರೆ ಹಕ್ಕೇ ಹೋಗುತ್ತದೆ, ಉಳಿದಿರುವುದು ಕೆಲವೇ ವಾರ ಎಂದರು. ಸಿಟಿಜನ್‌ಶಿಪ್ಪಿಗೂ ಇದಕ್ಕೂ ಏನೂ ಸಂಬಂಧವಿಲ್ಲವಂತೆ. ಪರಿಹಾರವನ್ನೂ ನೀನು ಕೈಯಿಂದ ಕೊಡಬೇಕಿರಲಿಲ್ಲ, ಇನ್ಶೂರೆನ್ಸ್ ಕಂಪನಿ ಕೊಡುತ್ತಿತ್ತು.

ನಿನಗೆ ಇದೆಲ್ಲ ಗೊತ್ತಿರಲಿಲ್ಲವೇನೋ ಎಂದು ಆ ಸಂಜೆಯೆಲ್ಲ ನಿನ್ನ ಪರವಾಗಿಯೇ ಯೋಚಿಸಿದೆ.

ಮರುದಿನ ವಕೀಲರು ನಿನ್ನ ಇನ್ಶೂರೆನ್ಸಿನವರಿಗೆ ಫೋನ್ ಮಾಡಿದರು. ಪಕ್ಕದಲ್ಲಿ ಕೂತಿದ್ದವಳೇ ಸ್ಟೀರಿಂಗ್ ಎಳೆದಳು ಎಂದು ನೀನು ಹೇಳಿದ್ದೀಯಂತೆ. ಅದೂ ಅಪಘಾತವಾದ ವಾರದಲ್ಲೇ. ನನಗೆ ತುತ್ತು ಕೊಡುತ್ತಿದ್ದ ವಾರ ಅದು, ಛಾಯಾ. ತಪ್ಪು ನನ್ನದೆಂದಾದರೆ ಅಲ್ಲಿಯ ಕಾನೂನಿನಲ್ಲಿ ನನಗೆ ಏನೂ ಸಿಗುವುದಿಲ್ಲ.

ನೀನು ಹೆದರಿದ್ದೆ, ಅದು ಅರ್ಥವಾಗುತ್ತದೆ. ಹೆದರಿ ಒಂದು ಸಲ ಸುಳ್ಳು ಹೇಳಿದ್ದರೆ ಕ್ಷಮಿಸುತ್ತಿದ್ದೆನೇನೋ. ಆದರೆ ಎರಡು ವರ್ಷ "ಕೈ ಹೇಗಿದೆಯೇ?" ಎಂದು ಅಕ್ಕರೆಯಿಂದ ಕೇಳುತ್ತಲೇ ದಿನ ತಳ್ಳಿದೆಯಲ್ಲ, ಅದನ್ನು ಎಲ್ಲಿಡಲಿ?

ಇನ್ನು ಫೋನ್ ಮಾಡಬೇಡ. ಮಾತು ಏನಿದ್ದರೂ ಕೋರ್ಟಿನಲ್ಲಿ.

ಇತಿ,
ಪ್ರಭಾವತಿ

ತಾ.ಕ.: ಒಂದು ವಿಷಯ ಬರೆಯಬಾರದೆಂದುಕೊಂಡಿದ್ದೆ. ನಾನು ವಕೀಲರ ಬಳಿ ನಾನಾಗಿಯೇ ಹೋಗಲಿಲ್ಲ. ಕೇಶವ್ ಫೋನ್ ಮಾಡಿದ್ದರು. "ಪ್ರಭಾ, ಇನ್ನೂ ತಡ ಮಾಡಿದ್ರೆ ನಿಮ್ಗೆ ಏನೂ ಉಳಿಯಲ್ಲ. ಛಾಯಾ ಕಾಯ್ತಿರೋದೇ ಅದಕ್ಕೆ" ಎಂದರು. ನಿನ್ನ ಬಗ್ಗೆ ಹೇಳಿದ ಆ ಮಾತನ್ನು ಆಗ ನಾನು ನಂಬಲಿಲ್ಲ. ಕಾರಿನಲ್ಲಿ ನಡೆದದ್ದನ್ನು ಕೋರ್ಟಿನಲ್ಲಿ ಹೇಳುತ್ತಾರಂತೆ. ನಿನಗೆ ತಿಳಿಸಬೇಡಿ ಎಂದು ಬೇಡಿಕೊಂಡರು. ಆದರೆ ತುಂಬಿದ ಕೋರ್ಟಿನಲ್ಲಿ, ಗಂಡನ ಬಾಯಿಂದ, ಮೊದಲ ಸಲ ನೀನು ಅದನ್ನು ಕೇಳುವುದನ್ನು ನಾನು ನೋಡಲಾರೆ.