ಗಾಳಿ ಪಂಪಿನ ವೈರು

ಲೋ ತಮ್ಮ,

ಎದ್ದ ತಕ್ಷಣ ಫೋನು ಹುಡುಕ್ತೀಯ ಅಂತ ಗೊತ್ತು. ಅದಕ್ಕೇ ಈ ಚೀಟೀನ ನಿನ್ನ ಚಾರ್ಜರ್ ವೈರಿಗೇ ಕಟ್ಟಿದೀನಿ. ಆ ವೈರು ನಿನ್ನ ಫೋನಿಂದಲ್ಲ ಮಹಾರಾಯ, ಕಾರಿನ ಗಾಳಿ ಪಂಪಿಂದು!

ನಿನ್ನೆ ಅಮ್ಮನ ಮಂಡಿ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಹಿಂದಿನ ಟಯರು ಕೂತೇಬಿಡ್ತು. ಡಿಕ್ಕಿಯಿಂದ ಪಂಪು ತೆಗೆದರೆ ಅದಕ್ಕೆ ಜೀವವೇ ಇಲ್ಲ. ಒಂದು ತಿಂಗಳು ಊಟಕ್ಕೆ ಕೂತಾಗಲೂ ವಿಡಿಯೋ ನೋಡಿ, ನಮ್ಮೆಲ್ಲರ ತಲೆ ತಿಂದು ಆ ಪಂಪು ಆರಿಸಿದೆಯಲ್ಲ, ಒಂದು ಸಲನಾದರೂ ಚಾರ್ಜ್ ಮಾಡಿದ್ಯಾ?

ಇವತ್ತೇ ಹೋಗಿ ಬೇರೆ ತಗೊಂಡು ಬಾ. ಬ್ಯಾಟರಿದು ಬೇಡವೇ ಬೇಡ, ಚಾರ್ಜ್ ಮಾಡೋದು ನಿನ್ನ ಹಣೇಲಿ ಬರೆದಿಲ್ಲ. ಕಾರಿನ ಸಾಕೆಟ್ಟಿಗೇ ಸಿಕ್ಕಿಸೋದು ತಗೋ. ವೈರು ಹಿಂದಿನ ಚಕ್ರದ ತನಕ ಬರುತ್ತಾ ಅಂತ ಅಂಗಡಿ ಮುಂದೇನೇ ಎಳೆದು ನೋಡು. ಗಾಳಿ ಮೂವತ್ಮೂರು ಪಿಎಸ್‌ಐಗೆ ಇಟ್ಟರೆ, ಅಷ್ಟು ತುಂಬಿದ ತಕ್ಷಣ ತಾನಾಗೇ ನಿಲ್ಲಬೇಕು. ಬಣ್ಣಬಣ್ಣದ ಲೈಟು ನೋಡಿ ಮರುಳಾಗಬೇಡ.

ಅಮ್ಮನ ಹತ್ತಿರ ಹೋಗಿ ಹಲ್ಲು ಕಿರೀಬೇಡ. ಒಳಗೆ ಕೂತರೆ ಟಯರಿಗೆ ಭಾರ ಆಗುತ್ತೆ ಅಂತ ಮುಕ್ಕಾಲು ಗಂಟೆ ಆ ಕಾಲಲ್ಲೇ ರಸ್ತೇಲಿ ನಿಂತಿದ್ದಳು. ಕೊನೆಗೆ ಗಾಳಿ ಹಾಕಿಕೊಟ್ಟ ಲಾರಿ ಡ್ರೈವರು, "ಇದು ಯಾವ ಸೀಮೆ ಪಂಪು?" ಅಂತ ನಕ್ಕ. ಅಮ್ಮ ಏನಂದಳು ಗೊತ್ತಾ? "ಪಂಪು ಚೆನ್ನಾಗೇ ಇದೆಯಪ್ಪ, ನನ್ನ ಮಗ ಹುಡುಕಿ ಹುಡುಕಿ ತಂದಿದ್ದು. ನಮಗೇ ಹಾಕೋಕೆ ಬರ್ತಿಲ್ಲ."

ಹೊಸದು ತಂದ ಮೇಲೆ ಹೇಗೆ ಹಾಕೋದು ಅಂತ ಮೊದಲು ಅಮ್ಮನಿಗೇ ಕಲಿಸು. ಅವಳ ಮುಖ ನೋಡಿಕೊಂಡೇ ಕಲಿಸು.

— ಅಕ್ಕ