ನೂರಾ ಹದಿನಾಲ್ಕನೇ ಪುಟದ ಮಗು

ಮಾರ್ಚ್ 12, ಬುಧವಾರ

ಚಿಕ್ಕಮ್ಮಾ,

'ಪ್ರೀತಿಯ' ಅಂತ ಬರೆದು ಹೊಡೆದುಹಾಕಿದ್ದೇನೆ. 'ಮಾನ್ಯ ಮೇಡಂ' ಅನ್ನಲು ಕೈ ಬರಲಿಲ್ಲ. ರಕ್ತಸಂಬಂಧವಿಲ್ಲದ ನಿಮ್ಮನ್ನು ಚಿಕ್ಕಮ್ಮ ಅಂತ ಕರೆಯಲು ಮಿಠಾಯಿ ಕೊಟ್ಟು ಕಲಿಸಿದವರು ನೀವೇ. ಕಡೆಯ ಸಲಕ್ಕೆ ಅದೇ ಇರಲಿ.

ನೀವು ಬರೆದ ಬೆಳವಣಿಗೆಯ ಮನೋವಿಜ್ಞಾನದ ಪಠ್ಯಪುಸ್ತಕವನ್ನು ಎರಡು ವರ್ಷ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದವಳು ನಾನು. ತರಗತಿಯ ಗೆಳತಿಯರು, 'ನಿನ್ನ ಚಿಕ್ಕಮ್ಮನ ಪುರಾಣ ಎಲ್ಲೀವರೆಗೆ ಬಂತೇ?' ಅಂತ ಕಾಲೆಳೆದರೆ ನಾಚುವ ಬದಲು ಬೀಗುತ್ತಿದ್ದೆ. ನನ್ನನ್ನು ಶಾಲೆಗೆ ಸೇರಿಸಿದ ಕೈ ಬರೆದ ಪುಸ್ತಕವಲ್ಲವೇ ಅದು!

ನೂರಾ ಹದಿನಾಲ್ಕನೇ ಪುಟದ 'ಪ್ರಕರಣ ಏಳು' ನನಗೆ ಬಾಯಿಪಾಠ. 'ಮೂರೂವರೆ ವರ್ಷದ ಹೆಣ್ಣುಮಗು. ತಾಯಿ ಬಟ್ಟೆ ಒಗೆಯುವ ಕೆಲಸದವಳು, ಅನಕ್ಷರಸ್ಥೆ. ಮಗು ಕರೆದರೆ ಓಗೊಡುವುದಿಲ್ಲ. ನಗುವಾಗಲೂ ಮೊಣಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತದೆ, ಸದ್ದು ಬರುವುದಿಲ್ಲ. ಕಾರಣ: ಮನೆಯಲ್ಲಿ ಮಾತಿನ ಬಡತನ, ತಾಯಿಯ ಉದಾಸೀನ.' ಕಿರುಪರೀಕ್ಷೆಯಲ್ಲಿ ಇದರ ಮೇಲೆ ಪ್ರಶ್ನೆ ಬಿತ್ತು. ಇಂಥ ತಾಯಿಗೆ ಮಗುವೆಂದರೆ ಇನ್ನೊಂದು ಬಟ್ಟೆಗಂಟು ಅಂತ ಬರೆದೆ. ನೀವು ಆ ಸಾಲಿಗೆ ಕೆಂಪು ಗೆರೆ ಎಳೆದು 'ಭೇಷ್' ಅಂದಿರಿ. ಹತ್ತಕ್ಕೆ ಹತ್ತು.

ಶನಿವಾರ ಬೆಳಿಗ್ಗೆ ವಾರ್ಷಿಕ ಪರೀಕ್ಷೆಗೆಂದು ಅದನ್ನೇ ಗಟ್ಟಿಯಾಗಿ ಓದುತ್ತಿದ್ದೆ. ಅಮ್ಮ ಇಸ್ತ್ರಿ ಮಾಡುತ್ತಿದ್ದಳು. ಕೈ ನಿಂತಿತು. 'ಇನ್ನೊಂದ್ಸಲ ಓದು' ಅಂದಳು. ಓದಿದೆ. 'ಆ ಮಗು ಬಟ್ಟೆ ಬುಟ್ಟೀಲಿ ಕೂತ್ಕೊಳ್ತಿತ್ತು ಅಂತ ಬರ್ದಿಲ್ವಾ?' ಅಂತ ಕೇಳಿದಳು. ಇಲ್ಲ ಅಂದೆ. 'ಬರೆಯಲ್ಲ ಬಿಡು' ಅಂದವಳು, ಆ ಮಗು ಯಾರೆಂದು ಹೇಳಿದಳು.

ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳಬೇಕಾಗಿದೆ, ಕೇಳಿ. ಅಮ್ಮ ಆಗ ಕೆಲಸಕ್ಕಿದ್ದ ಶಿಶುವಿಹಾರದ ಬಟ್ಟೆ ಒಗೆಯುವ ಕೋಣೆಗೆ ಕೆಲಸದವರು ತಮ್ಮ ಮಕ್ಕಳನ್ನು ತರುವಂತಿರಲಿಲ್ಲ. ಕಂಡವರ ಮಕ್ಕಳ ಒದ್ದೆ ಹಾಸಿಗೆ ಒಗೆಯಲು ಅಮ್ಮ ಬೇಕು, ಅಮ್ಮನ ಮಗು ಬೇಡ. ಅವಳು ನನ್ನನ್ನು ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಹಾಸುಬಟ್ಟೆ ಹೊದಿಸುತ್ತಿದ್ದಳು. ಮೇಲ್ವಿಚಾರಕನ ಬೂಟಿನ ಸದ್ದು ಬಂದರೆ ಕೆಮ್ಮಬಾರದು, ನಗಬಾರದು. ಅದು ನಮ್ಮಿಬ್ಬರ ಆಟ. ಗೆಲ್ಲುತ್ತಿದ್ದವಳು ಯಾವಾಗಲೂ ನಾನೇ ಅಂತೆ. ಸಂಜೆ ಮನೆಗೆ ಬಂದರೆ ಅರಳು ಹುರಿದ ಹಾಗೆ ಮಾತು. ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ, 'ನಿನ್ನ ಮಗಳ ಬಾಯಿಗೊಂದು ಬೀಗ ಹಾಕೇ ತಾಯಿ, ನನ್ನ ಕಿವಿ ತೂತು ಬಿತ್ತು' ಅಂತ ಕೂಗುತ್ತಿದ್ದಳಂತೆ. ನೀವು ಆ ಮನೆಗೆ ಒಂದು ದಿನವಾದರೂ ಬಂದಿದ್ದಿರಾ?

ನೀವಾಗ ನೋಟುಪುಸ್ತಕ ಹಿಡಿದು ಶಿಶುವಿಹಾರಕ್ಕೆ ಬರುತ್ತಿದ್ದ ಸಂಶೋಧನಾ ವಿದ್ಯಾರ್ಥಿನಿ. ಬುಟ್ಟಿಯಲ್ಲಿ ನನ್ನನ್ನು ಕಂಡಿರಿ. ದೂರು ಕೊಡಲಿಲ್ಲ, ಆ ಉಪಕಾರವನ್ನು ಅಮ್ಮ ಇವತ್ತಿಗೂ ನೆನೆಯುತ್ತಾಳೆ. ಆದರೆ ಅಂದು ನೀವು ಆಡಿದ ಮಾತನ್ನೂ ಅವಳು ಮರೆತಿಲ್ಲ: 'ಅಕ್ಕಾ, ಇವಳು ಬಾಯಿ ಬಿಡದ ಹಾಗೆ ನೋಡ್ಕೊಳ್ಳಿ. ಗೊತ್ತಾದ್ರೆ ನನ್ನನ್ನೂ ಒಳಗೆ ಬಿಡಲ್ಲ.'

ಬಾಯಿ ಮುಚ್ಚಿಸಿದವರಲ್ಲಿ ನೀವೂ ಒಬ್ಬರು. ಮುಚ್ಚಿದ ಬಾಯಿಯನ್ನು ಕೊರತೆ ಅಂತ ಬರೆದವರೂ ನೀವೇ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಅಂದರೆ ಇದೇ. ನಿಮ್ಮ ಪುಟದಲ್ಲಿ ಆ ಮೇಲ್ವಿಚಾರಕ ಎಲ್ಲಿ ಹೋದ? ಆ ನಿಯಮ ಎಲ್ಲಿ? ಅಮ್ಮನ ಹೊಟ್ಟೆಪಾಡು ಎಲ್ಲಿ? ಶಿಶುವಿಹಾರವನ್ನು ಬೆಳ್ಳಗೆ ಒಗೆದು, ಆ ಕೊಳೆಯನ್ನೆಲ್ಲ ಅಮ್ಮನ ಮೈಗೆ ಮೆತ್ತಿದಿರಿ. ಈ ಪುಟ ಓದಿ ಪಾಸಾದ ಶಿಕ್ಷಕಿಯರ, ದಾದಿಯರ ಮುಂದೆ ಇಂಥ ಇನ್ನೆಷ್ಟು ತಾಯಂದಿರು ತಪ್ಪಿತಸ್ಥರಂತೆ ನಿಂತರೋ!

ಸೋಮವಾರ ನಿಮ್ಮ ಕೊಠಡಿಗೆ ಬಂದು ಕೇಳಿದೆ. ನೀವು ನಾಚಿಕೊಳ್ಳುತ್ತೀರಿ ಅಂದುಕೊಂಡಿದ್ದೆ. ನಕ್ಕಿರಿ. 'ಗೊತ್ತಾಯ್ತಾ? ಒಳ್ಳೇದೇ ಆಯ್ತು ಬಿಡೇ, ನಾನೇ ಹೇಳೋಳಿದ್ದೆ' ಅಂದಿರಿ. ಹೊಸ ಆವೃತ್ತಿಯಲ್ಲಿ ಪ್ರಕರಣ ಏಳರ ಕೆಳಗೆ ನನ್ನ ಫೋಟೋ ಹಾಕುತ್ತೀರಂತೆ. ಆ ಮೂಗಿಯಂಥ ಮಗು ಇಂದು ನನ್ನ ವಿದ್ಯಾರ್ಥಿನಿ ಅಂತ ಬರೆಯುತ್ತೀರಂತೆ. ಒಪ್ಪಿಗೆ ಪತ್ರ ಕೈಗಿಟ್ಟು, ಸಹಿ ಮಾಡಿ ಗುಮಾಸ್ತರಿಗೆ ಕೊಡು ಅಂದಿರಿ. ನಿಮ್ಮ ಸಹಿಗೆ ಕಾದಿದ್ದ ನನ್ನ ಪ್ರಬಂಧ ಅಲ್ಲೇ ಮೇಜಿನ ಮೇಲಿತ್ತು. ಅದರ ಮೇಲೆ ಕೈಯಿಟ್ಟೇ ನೀವು ಮಾತಾಡಿದಿರಿ.

ನನ್ನ ಫೋಟೋ ಹಾಕಬೇಡಿ. ಆ ಪುಟ ತೆಗೆಯಿರಿ. ತೆಗೆಯಲು ಮನಸ್ಸಿಲ್ಲದಿದ್ದರೆ ನಿಯಮವನ್ನೂ ಬುಟ್ಟಿಯನ್ನೂ ನಿಮ್ಮ ಮಾತನ್ನೂ ಸೇರಿಸಿ ಬರೆಯಿರಿ. ನನ್ನ ಪ್ರಬಂಧವನ್ನು ಏನು ಬೇಕಾದರೂ ಮಾಡಿಕೊಳ್ಳಿ.

ಇನ್ನು ನಿಮಗೆ ಮಗಳಲ್ಲದ,
ಬಟ್ಟೆ ಒಗೆಯುವವಳ ಮಗಳು

ತಾ.ಕ.: ಮೇಲೆ ಒಂದು ವಿಷಯ ಬಚ್ಚಿಟ್ಟಿದ್ದೇನೆ. ಗುಮಾಸ್ತರ ಬಳಿ ನನ್ನ ಸಹಿಯಿರುವ ಒಪ್ಪಿಗೆ ಪತ್ರ ಇದೆ. ನಿನ್ನೆ ನಾನೇ ಕೊಟ್ಟುಬಂದೆ, ಪ್ರಬಂಧ ಬಿದ್ದುಹೋಗುತ್ತದೆಂಬ ಹೆದರಿಕೆಗೆ. ಸಂಜೆ ಅಮ್ಮನಿಗೆ ಹೇಳಿದೆ. ಬೈಯಲಿಲ್ಲ. 'ಅವರು ನನ್ನ ಕೇಳದೆ ಬರೆದ್ರು. ನೀನು ಎಲ್ಲಾ ಕೇಳಿಸ್ಕೊಂಡ ಮೇಲೂ ಬರ್ಕೊಟ್ಟೆ' ಅಂದಳು. ಈ ಪತ್ರ ಆ ಮಾತಿನ ನಂತರದ್ದು. ಆ ಸಹಿಯನ್ನು ವಾಪಸ್ ಪಡೆಯಲು ನಾಳೆ ಹತ್ತು ಗಂಟೆಗೆ ಬರುತ್ತೇವೆ. ಅಮ್ಮ ರಜೆ ಹಾಕಿದ್ದಾಳೆ.